ಬ್ರಿಟನಿಯ ಸುಗ್ಗಿ, ನಮ್ಮ ಎಳ್ಳು-ಬೆಲ್ಲ

ಜನವರಿ ಬಂತೆಂದರೆ ಫ್ರಾನ್ಸಿನ ಯಾವ ಬೇಕರಿಗೆ ಹೋದರೂ ಗಾಜಿನ ಹಿಂದೆ ಒಂದೇ ತಿಂಡಿಯ ದರ್ಬಾರು: ಗಲೆಟ್ ದೆ ರುವಾ. ಬೆಣ್ಣೆ ಹಾಕಿ ಮತ್ತೆ ಮತ್ತೆ ಮಡಚಿ ಲಟ್ಟಿಸಿದ ಪದರು ಹಿಟ್ಟಿನ ಎರಡು ದುಂಡು ಹಾಳೆ, ನಡುವೆ ಬಾದಾಮಿ, ಬೆಣ್ಣೆ, ಸಕ್ಕರೆ, ಮೊಟ್ಟೆ ಕಲಸಿದ ಹೂರಣ, ಮೇಲೆ ಚಾಕುವಿನಲ್ಲಿ ಗೀರಿದ ಚಿತ್ತಾರ. ಇದು ಜನವರಿ 6ರ ಎಪಿಫನಿ ಎಂಬ ಕ್ರೈಸ್ತ ಹಬ್ಬದ ತಿಂಡಿ ಎಂಬುದು ಹೆಸರಿಗೆ ಮಾತ್ರ. ಜನ ಇಡೀ ತಿಂಗಳು ತಿನ್ನುತ್ತಾರೆ. ನಮ್ಮ ಸಂಕ್ರಾಂತಿ ಸರಿಯಾಗಿ ಅದರ ಮಧ್ಯಕ್ಕೆ ಬಂದು ಬೀಳುತ್ತದೆ. ಯುಗಾದಿಗೋ ಗೌರಿ ಹಬ್ಬಕ್ಕೋ ಸಹಪಾಠಿಗಳನ್ನು ಕರೆದರೆ ಮೊದಲು ಅರ್ಧ ಗಂಟೆ ಪೀಠಿಕೆ ಹಾಕಬೇಕು. ಸಂಕ್ರಾಂತಿಗೆ ಆ ತಾಪತ್ರಯವಿಲ್ಲ. ಸಿಹಿ ಹಂಚಿಕೊಂಡು ತಿನ್ನುವ ಲಹರಿಯಲ್ಲೇ ಊರೆಲ್ಲ ಇರುತ್ತದೆ.

ನಾನು ಓದುತ್ತಿರುವುದು ಫ್ರಾನ್ಸಿನ ಬ್ರಿಟನಿ ಪ್ರಾಂತದ ರೆನ್ ಪಟ್ಟಣದಲ್ಲಿ. ಉತ್ತರಾಯಣ ಅಂದರೇನು ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ಇಲ್ಲಿಯೇ. ಮಂಡ್ಯದ ಕಡೆ ಚಳಿಗಾಲಕ್ಕೂ ಬೇಸಿಗೆಗೂ ಹಗಲಿನ ಅಳತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಸೂರ್ಯ ಪಥ ಬದಲಿಸಿದ ಅಂತ ಪಂಚಾಂಗ ನೋಡಿಯೇ ತಿಳಿಯಬೇಕು. 48 ಡಿಗ್ರಿ ಅಕ್ಷಾಂಶದ ಈ ಊರಲ್ಲಿ ಡಿಸೆಂಬರಿನ ಹಗಲು 8 ಗಂಟೆ ಚಿಲ್ಲರೆ, ಜೂನಿನದು 16 ಗಂಟೆ. ಜನವರಿ ಮಧ್ಯದಲ್ಲೂ ಬೆಳಗ್ಗೆ ಒಂಬತ್ತರ ಹತ್ತಿರಕ್ಕೆ ಸೂರ್ಯ ಕಾಣುತ್ತಾನೆ, ಅದೂ ಮೋಡ ಬಿಟ್ಟುಕೊಟ್ಟರೆ. ಸಂಜೆ ತರಗತಿ ಮುಗಿಸಿ ಹೊರಬಂದಾಗ ಇನ್ನೂ ಒಂಚೂರು ಬೆಳಕು ಉಳಿದಿದ್ದರೆ ಯಾರಿಗಾದರೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಬ್ಬ ವಾರದ ನಡುವೆ ಬಂದರೆ ಅವತ್ತು ದೇವರಿಗೊಂದು ದೀಪ, ಬಾಯಿಗೊಂದು ಚಿಟಿಕೆ ಎಳ್ಳು, ಅಷ್ಟೇ. ಊಟ, ನೆಂಟರು ಎಲ್ಲ ಶನಿವಾರಕ್ಕೆ. ಪಂಚಾಂಗಕ್ಕೆ ಒಪ್ಪಿಗೆಯಾಗಲಿಕ್ಕಿಲ್ಲ, ಆದರೆ ಶನಿವಾರ ಬೆಳಗ್ಗೆ ಇಲ್ಲಿ ಲೀಸ್ ಸಂತೆ ಇರುತ್ತದಲ್ಲ! 1622ರಿಂದ ಅದೇ ಜಾಗದಲ್ಲಿ ಸೇರುವ ಸಂತೆ. ಸಂಕ್ರಾಂತಿ ಮೂಲದಲ್ಲಿ ಸುಗ್ಗಿ ಹಬ್ಬವಾದ ಮೇಲೆ, ಯಾವ ನೆಲದಲ್ಲಿದ್ದೇವೋ ಆ ನೆಲದ ಬೆಳೆ ಎಲೆಗೆ ಬರಬೇಕು ಅನ್ನುವುದು ನನ್ನ ವಾದ. ವಿಮಾನ ಹತ್ತಿ ಬಂದ ಬಾಡಿದ ತರಕಾರಿಗೆ ದುಪ್ಪಟ್ಟು ದುಡ್ಡು ಸುರಿದು ಊರಿನ ಹಬ್ಬದ ನಕಲು ಮಾಡುವುದರಲ್ಲಿ ನನಗೆ ಹುರುಪಿಲ್ಲ. ಬ್ರಿಟನಿಯ ಸುಗ್ಗಿ ಎಂದರೆ ಕಪ್ಪು ಗೋಧಿ ಎಂದು ಕರೆಸಿಕೊಳ್ಳುವ ಬಕ್‌ವೀಟ್, ಸೈಡರಿನ ಸೇಬು, ಹೂಕೋಸು, ಉಪ್ಪು ಬೆರೆಸಿದ ಬೆಣ್ಣೆ.

ಆದರೂ ಎಳ್ಳು-ಬೆಲ್ಲದ ವಿಷಯದಲ್ಲಿ ರಾಜಿ ಇಲ್ಲ. ಮನೆಯಲ್ಲಿ ಅಮ್ಮ ಎಳ್ಳು ನೆನೆಸಿ, ಗೋಣಿತಾಟಿನ ಮೇಲೆ ಉಜ್ಜಿ ಸಿಪ್ಪೆ ಬಿಡಿಸಿ, ಒಣಗಿಸಿ, ಕೇರಿ ಒಂದು ವಾರ ಒದ್ದಾಡುತ್ತಾಳೆ. ಇಲ್ಲಿ ಸಾವಯವ ಅಂಗಡಿಯಲ್ಲಿ ಸಿಪ್ಪೆ ತೆಗೆದ ಬಿಳಿ ಎಳ್ಳು ಪೊಟ್ಟಣದಲ್ಲಿ ಸಿಗುತ್ತದೆ. ಫೋನಿನಲ್ಲಿ ತೋರಿಸಿದಾಗ ಅಮ್ಮನ ಮುಖದಲ್ಲಿ ಮೆಚ್ಚುಗೆಗಿಂತ ಅನುಮಾನವೇ ಜಾಸ್ತಿ. ಅದೇ ಅಂಗಡಿಯಲ್ಲಿ ದಕ್ಷಿಣ ಅಮೆರಿಕದ ಪನೇಲಾ ಎಂಬ ಬೆಲ್ಲವೂ ಇದೆ. ಪುಡಿಯಾಗಿರುವುದರಿಂದ ಪಾಯಸಕ್ಕೆ ಸರಿ, ಎಳ್ಳಿನ ಜೊತೆ ಹಲ್ಲಿಗೆ ಸಿಗಬೇಕಾದ ಆ ಚೂರು ಅದರಲ್ಲಿಲ್ಲ. ಅಚ್ಚು ಬೆಲ್ಲ, ಹುರಿಗಡಲೆ, ಒಣಕೊಬ್ಬರಿ ಗಿಟುಕು ಬೇಕೆಂದರೆ ಪ್ಯಾರಿಸ್ಸಿನ ಲಾ ಶಪೆಲ್‌ಗೇ ಹೋಗಬೇಕು. ಗಾರ್ ದ್ಯು ನಾರ್ ನಿಲ್ದಾಣದ ಹಿಂದಿನ ಆ ಬೀದಿಗಳು ಶ್ರೀಲಂಕಾ ತಮಿಳರದ್ದು, ಪೊಂಗಲ್ ಹೊತ್ತಿಗೆ ಅಲ್ಲಿ ಕಬ್ಬೂ ಬರುತ್ತದೆ. ಪ್ಯಾರಿಸ್ಸಿನಲ್ಲಿ ಓದುವ ಹಾಸನದ ಗೆಳತಿ ಎರಡು ಜಲ್ಲೆ ಕೊಂಡು, ನಾಲ್ಕನೇ ನಂಬರಿನ ಮೆಟ್ರೋ ಹಿಡಿದು ಮೋಪರ್ನಾಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಟಿಜಿವಿ ಎಂಬ ವೇಗದ ರೈಲು ಹತ್ತಿದಳು. ರೆನ್‌ಗೆ ಒಂದೂವರೆ ಗಂಟೆಯೊಳಗಿನ ದಾರಿ. ಅಷ್ಟರಲ್ಲೇ ಎದುರು ಸೀಟಿನ ಅಜ್ಜಿ ಇದು ಬಿದಿರೇ ಎಂದು ಕೇಳಿ, ಅಲ್ಲವೆಂದು ತಿಳಿದ ಮೇಲೆ ಒಂದು ಗೆಣ್ಣು ಇಸಿದುಕೊಂಡು ಹೋದರಂತೆ.

ಅವರೆಕಾಳು ಮಾತ್ರ ಎಲ್ಲೂ ಇಲ್ಲ. ಜನವರಿಯಲ್ಲಿ ಹಿದಕಿದ ಬೇಳೆ ಸಾರಿಲ್ಲದ ಊಟವನ್ನು ಹಬ್ಬದೂಟ ಅಂತ ಹೇಗೆ ಕರೆಯುವುದು? ಉಪಾಯ ಸಿಕ್ಕಿದ್ದು ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ. ಫೆವ್ ಎಂಬ ದಪ್ಪ ಹಸಿರು ಕಾಳು. ಫ್ರೆಂಚರು ಇದನ್ನು ಬಿಸಿನೀರಲ್ಲಿ ಒಂದು ನಿಮಿಷ ಬಿಟ್ಟು, ಎರಡು ಬೆರಳ ನಡುವೆ ಹಿಡಿದು ಹಿಸುಕುತ್ತಾರೆ. ಬಿಳಿಚಿದ ಸಿಪ್ಪೆ ಬೆರಳಲ್ಲಿ ಉಳಿದು ಒಳಗಿನ ಕಡುಹಸಿರು ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತದೆ. ಇನ್ನೇನು ಬೇಕು! ಹಾಸ್ಟೆಲಿನ ಅಡುಗೆಮನೆಯಲ್ಲಿ ಒಬ್ಬಳು ಬ್ರಿಟನಿಯವಳು, ಒಬ್ಬ ಮೊರಾಕ್ಕೊದವನು, ನಾವಿಬ್ಬರು ಕೂತು ಹಿದುಕಿದ್ದೇ ಹಿದುಕಿದ್ದು. ಅವರೆಯ ಸೊಗಡು ಬರಲಿಲ್ಲ, ಅದನ್ನು ಒಪ್ಪಲೇಬೇಕು. ತೆಂಗಿನಕಾಯಿ, ಚಕ್ಕೆ, ಲವಂಗ, ಗಸಗಸೆ ಅರೆದು ಹಾಕಿದ ಮೇಲೆ ಅನ್ನಕ್ಕೆ ಮೋಸವಾಗಲಿಲ್ಲ.

ಆ ಬ್ರಿಟನಿಯವಳೇ ಹೇಳಿದ್ದು: ಗಲೆಟ್ ದೆ ರುವಾದ ಹೂರಣದಲ್ಲಿ ಹಿಂದೆಲ್ಲ ಅಡಗಿಸಿಡುತ್ತಿದ್ದದ್ದು ಇದೇ ಕಾಳನ್ನಂತೆ. 19ನೇ ಶತಮಾನದ ಕೊನೆಗೆ ಅದರ ಜಾಗಕ್ಕೆ ಪಿಂಗಾಣಿಯ ಪುಟ್ಟ ಗೊಂಬೆ ಬಂತು, ಹೆಸರು ಮಾತ್ರ ಫೆವ್ ಅಂತಲೇ ಉಳಿಯಿತು. ಗೊಂಬೆ ಯಾರ ತುಂಡಿನಲ್ಲಿ ಸಿಗುತ್ತದೋ ಅವರೇ ರಾಜ, ಅವರಿಗೆ ಕಾಗದದ ಕಿರೀಟ. ಮೋಸವಾಗದಿರಲಿ ಅಂತ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ತೂರಿಕೊಂಡು, ಯಾವ ತುಂಡು ಯಾರಿಗೆ ಎಂದು ಅಲ್ಲಿಂದಲೇ ಕೂಗಬೇಕು. ಅಧ್ಯಕ್ಷರ ಎಲಿಸೆ ಅರಮನೆಗೆ ಹೋಗುವ ಗಲೆಟ್‌ನಲ್ಲಿ ಮಾತ್ರ ಫೆವ್ ಇಡುವುದಿಲ್ಲ, ಗಣರಾಜ್ಯದಲ್ಲಿ ರಾಜನಿಗೇನು ಕೆಲಸ ಅಂತ! ಮೊಟ್ಟೆ ತಿನ್ನದ ಹಾಸನದ ಗೆಳತಿಗೆ ಗಲೆಟ್ ಸಿಗಲಿಲ್ಲ, ಆದರೆ ಸಕ್ಕರೆ ಅಚ್ಚಿನ ಗಿಳಿ, ಗೋಪುರಗಳಿದ್ದ ತಟ್ಟೆ ಇಡಿಯಾಗಿ ಅವಳ ಸುಪರ್ದಿಯಲ್ಲಿತ್ತು. ಪಿಂಗಾಣಿ ಗೊಂಬೆ ಕಚ್ಚಿ ಹಲ್ಲು ಮುರಿದುಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಅವಳ ತೀರ್ಪು.

ಕುಡಿಯಲು ಸೈಡರ್, ಅಂದರೆ ಸೇಬಿನ ರಸ ಹುದುಗಿಸಿದ ಪಾನೀಯ. ಇಲ್ಲಿ ಇದನ್ನು ಗ್ಲಾಸಿಗೆ ಹಾಕುವುದಿಲ್ಲ, ಹಿಡಿ ಇರುವ ದಪ್ಪ ಪಿಂಗಾಣಿ ಬಟ್ಟಲಿಗೆ ಸುರಿಯುತ್ತಾರೆ. ಬ್ರುಟ್ ಎಂಬುದು ಸಿಹಿ ಕಡಿಮೆಯದು, ಮೊದಲ ಗುಟುಕಿಗೆ ಮೂಗಿಗೆ ಹಸಿ ಹುಲ್ಲು, ಒದ್ದೆ ಮರ, ನಾಲಿಗೆಗೆ ಸೇಬಿನ ಒಗರು. ದೂ ಎಂಬುದು ಸಿಹಿ, ಆಲ್ಕೋಹಾಲ್ ಶೇಕಡಾ 3ನ್ನು ದಾಟುವುದಿಲ್ಲ. ಎಳ್ಳು-ಬೆಲ್ಲದ ಜೊತೆ ಸಿಹಿ ಸೈಡರ್ ಅತಿಯಾಯಿತು, ಬ್ರುಟ್ ಚೆನ್ನಾಗಿ ಕೂತಿತು. ಅಮ್ಮನಿಗೆ ಸೇಬಿನ ರಸ ಎಂದೇ ವರದಿ ಹೋಗಿದೆ. ಕುಡಿಯದವರಿಗೆ ಲೆ ರಿಬೋ ಇತ್ತು. ಬ್ರಿಟನಿಯವರು ಬಕ್‌ವೀಟ್ ಗಲೆಟ್ ಜೊತೆ ಕುಡಿಯುವ ಹುಳಿ ಮಜ್ಜಿಗೆ ಅದು. ಈ ಗಲೆಟ್ ಬೇರೆ, ಕಾವಲಿಯ ಮೇಲೆ ಮರದ ಪಟ್ಟಿಯಿಂದ ತೆಳ್ಳಗೆ ಎಳೆಯುವ ಕಪ್ಪು ದೋಸೆಯಂಥದ್ದು. ಮಜ್ಜಿಗೆಗೆ ಶುಂಠಿ, ಇಂಗು, ಕೊತ್ತಂಬರಿ ಸೊಪ್ಪು ಹಾಕಿ ಕೊಟ್ಟೆ. ಮೊರಾಕ್ಕೊದವನು, ಅವರ ದೇಶದಲ್ಲೂ ಕುಸ್‌ಕುಸ್ ಜೊತೆ ಇಂಥದ್ದನ್ನೇ ಕುಡಿಯುತ್ತಾರೆಂದು ಹೇಳಿ ಮೂರನೇ ಲೋಟಕ್ಕೆ ಕೈಚಾಚಿದ.

ಕಿರೀಟವೂ ಅವನಿಗೇ ಬಂತು. ರಾಜನಾದವನು ಮುಂದಿನ ಗಲೆಟ್ ಕೊಡಿಸಬೇಕೆಂಬುದು ಇಲ್ಲಿನ ರೂಢಿ, ಅವನು ತಿಂಗಳ ಕೊನೆಯ ಬಡತನ ಹೇಳಿ ಗಡುವು ಕೇಳಿದ. ಫೆಬ್ರುವರಿ 2ಕ್ಕೆ ಶಾಂದಲೂರ್ ಹಬ್ಬ, ಅವತ್ತು ದೇಶವೆಲ್ಲ ಕ್ರೇಪ್ ಎಂಬ ತೆಳು ದೋಸೆ ಹುಯ್ಯುತ್ತದೆ. ಹಿಟ್ಟು, ಬೆಣ್ಣೆ ತನ್ನದು ಎಂದು ಬ್ರಿಟನಿಯವಳು ಹೇಳಿದಳು. ಉಳಿದ ಅಚ್ಚು ಬೆಲ್ಲಕ್ಕೆ ಕಡಲೆಬೇಳೆ ಬೇಯಿಸಿ ಹೂರಣ ಮಾಡಿ ತರುತ್ತೇನೆ, ಕ್ರೇಪ್ ಒಳಗೆ ಚಾಕೊಲೇಟ್ ಬೇಡ ಎಂದು ನಾನು ಹೇಳಿದ್ದೇನೆ. ಚಾಕೊಲೇಟೂ ಇರಲಿ ಎಂಬುದು ಬಹುಮತದ ಅಭಿಪ್ರಾಯ.