ಇಸ್ರೋ ಇರುವಾಗ ವಿದ್ಯಾರ್ಥಿಗಳ ಕೈಯಲ್ಲಿ ಉಪಗ್ರಹ ಯಾಕೆ?

ಕಾಲೇಜಿನ ಪ್ರವೇಶದ ದಿನಗಳಲ್ಲಿ ತಂದೆತಾಯಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳೂ ಬಿಟ್ಟಿಲ್ಲ. “ಇಸ್ರೋ ಇದೆಯಲ್ಲ ಮೇಡಂ, ಓದುವ ಮಕ್ಕಳ ಕೈಯಲ್ಲಿ ಉಪಗ್ರಹ, ರಾಕೆಟ್ ಎಂದು ಯಾಕೆ ಮಾಡಿಸುತ್ತೀರಿ?” ನಾನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಅಲ್ಲಿನ ವಿದ್ಯಾರ್ಥಿಗಳ ಬಾಹ್ಯಾಕಾಶ ತಂಡದ ಜೊತೆ ಸಂಜೆಗಳನ್ನು ಕಳೆಯುತ್ತೇನೆ. ಊಟದ ಎಲೆಯ ಮುಂದೆ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಂಜಿನಿಯರಿಂಗ್ ಓದಿನಲ್ಲಿ ಎಲ್ಲದಕ್ಕೂ ಎರಡನೆಯ ಅವಕಾಶ ಉಂಟು. ಪರೀಕ್ಷೆ ಕೈಕೊಟ್ಟರೆ ಮರುಮೌಲ್ಯಮಾಪನ, ಅದೂ ಆಗದಿದ್ದರೆ ಮುಂದಿನ ಸೆಮಿಸ್ಟರಿನಲ್ಲಿ ಮತ್ತೊಮ್ಮೆ ಬರೆಯುವುದು. ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ತಂತಿ ಬಿಚ್ಚಿ ಮತ್ತೆ ಜೋಡಿಸುವುದು. ಪ್ರೋಗ್ರಾಂ ತಪ್ಪಾಗಿದ್ದರೆ ತಿದ್ದಿ ಮತ್ತೆ ಓಡಿಸುವುದು. ಕಲಿಯುವಾಗ ಇದೆಲ್ಲ ಇರಲೇಬೇಕು. ಆದರೆ ಉಪಗ್ರಹ ಒಮ್ಮೆ ಹೊರಟಿತೆಂದರೆ ಅದನ್ನು ಕಟ್ಟಿದವರು ಮತ್ತೆ ಅದನ್ನು ಮುಟ್ಟುವುದಿಲ್ಲ. ಸ್ಕ್ರೂ ಬಿಗಿ ಮಾಡಲು, ಸಡಿಲವಾದ ಬೆಸುಗೆ ಸರಿಪಡಿಸಲು, ಮರೆತ ಸ್ವಿಚ್ ಒತ್ತಲು ಯಾರೂ ಹೋಗಲಾರರು. ಹಾಗೆ ಕೈಬಿಟ್ಟುಹೋಗುವ ಕೆಲಸಕ್ಕೆ ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ಹೊಣೆಯಾಗಬೇಕು ಎನ್ನುವುದು ನನ್ನ ನಂಬಿಕೆ. ಆ ಹೊಣೆಯನ್ನು ನನ್ನ ಯಾವ ಪಾಠವೂ ಕಲಿಸುವುದಿಲ್ಲ.

ಇಸ್ರೋದ ಮಾತನ್ನೇ ಎತ್ತಿಕೊಳ್ಳೋಣ. ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ನಮ್ಮ ಪೀಣ್ಯದಲ್ಲಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ದುಡಿದವರಲ್ಲಿ ಹೆಚ್ಚಿನವರು ಉಪಗ್ರಹವನ್ನೇ ಕಂಡಿರದ ಎಳೆಯರು. ಬೆಂಗಳೂರಿನಲ್ಲಿ ದತ್ತಾಂಶ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಶೌಚಾಲಯವೊಂದನ್ನೇ ಅದಕ್ಕಾಗಿ ಮಾರ್ಪಡಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ಆರ್ಯಭಟ, ವಿದ್ಯುತ್ ಪೂರೈಕೆಯ ತೊಂದರೆಯಿಂದ ನಾಲ್ಕೈದು ದಿನಗಳಲ್ಲೇ ಪ್ರಯೋಗಗಳನ್ನು ನಿಲ್ಲಿಸಿತು. ಆದರೂ ಅದನ್ನು ಕಟ್ಟಿದ ಕೈಗಳು ಉಳಿದವು. ಮುಂದಿನ ಉಪಗ್ರಹಗಳು ಆ ಕೈಗಳಿಂದಲೇ ಬಂದವು. ಇಸ್ರೋ ಇರುವಾಗ ನಾವೇಕೆ ಎಂದು ಕೇಳುವವರಿಗೆ ನಾನು ಪೀಣ್ಯದ ಆ ಶೆಡ್ಡುಗಳ ಕತೆ ಹೇಳುತ್ತೇನೆ.

ಅದಾದ ಮೂವತ್ತೈದು ವರ್ಷಗಳ ಮೇಲೆ ಇದೇ ಊರಿನಲ್ಲಿ ಸ್ಟಡ್‌ಸ್ಯಾಟ್ ಆಯಿತು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ಉಪಗ್ರಹ ಅದು. ತೂಕ ಒಂದು ಕಿಲೋಗಿಂತ ಕಡಿಮೆ. ಅದರ ಸಂಕೇತಗಳನ್ನು ನೆಲದಿಂದ ಹಿಡಿಯುವ ಭೂಕೇಂದ್ರ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಕಾಲೇಜಿನಲ್ಲಿ. ಪಿಎಸ್‌ಎಲ್‌ವಿ-ಸಿ15 ರಾಕೆಟ್ 2010ರ ಮೇ 9ಕ್ಕೆ ಹಾರಬೇಕಿತ್ತು. ಎರಡನೆಯ ಹಂತದಲ್ಲಿ ಒತ್ತಡ ತುಸು ಇಳಿದದ್ದು ಕಂಡುಬಂದು ಉಡಾವಣೆ ಮುಂದಕ್ಕೆ ಹೋಯಿತು. ಜುಲೈ 12ರಂದು ಇಸ್ರೋದ ದೊಡ್ಡ ಉಪಗ್ರಹ ಕಾರ್ಟೊಸ್ಯಾಟ್-2ಬಿ ಜೊತೆಗೆ ಈ ಪುಟ್ಟದೂ ಏರಿತು. ಇಷ್ಟು ದೊಡ್ಡ ರಾಕೆಟ್ಟನ್ನು ಸಣ್ಣದೊಂದು ಅನುಮಾನಕ್ಕಾಗಿ ಎರಡು ತಿಂಗಳು ನಿಲ್ಲಿಸುತ್ತಾರೆ ಎನ್ನುವುದನ್ನು ಹತ್ತಿರದಿಂದ ಕಂಡ ವಿದ್ಯಾರ್ಥಿ, ತನ್ನ ಬೋರ್ಡಿನ ಮೇಲಿನ ಅನುಮಾನವನ್ನು “ಇರಲಿ ಬಿಡಿ” ಎಂದು ದಾಟಿ ಹೋಗುವುದಿಲ್ಲ.

ಆ ಬಳಿಕ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಹೋಯಿತು. ತೀರ ಈಚೆಗೆ, 2024ರ ಡಿಸೆಂಬರ್ 30ರಂದು, ಆರ್‌ವಿ ಕಾಲೇಜಿನ ಅಂತರಿಕ್ಷ ತಂಡದ ಉಪಕರಣ ಪಿಎಸ್‌ಎಲ್‌ವಿ-ಸಿ60ರಲ್ಲಿ ಏರಿತು. ರಾಕೆಟ್ಟಿನ ಕೊನೆಯ ಹಂತವನ್ನು ಬಿಸಾಡದೆ, ಕಕ್ಷೆಯಲ್ಲೇ ಪ್ರಯೋಗದ ಕಟ್ಟೆಯಾಗಿ ಬಳಸುವ ಪದ್ಧತಿಯನ್ನು ಇಸ್ರೋ ತಂದಿದೆ. ಆ ಕಟ್ಟೆಯ ಮೇಲೆ ಕುಳಿತು, ಮನುಷ್ಯರ ಕರುಳಿನಲ್ಲಿ ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಭಾರವಿಲ್ಲದ ಸ್ಥಿತಿಯಲ್ಲಿ ಹೇಗೆ ಬೆಳೆಯುತ್ತದೆ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಇಡೀ ಉಪಗ್ರಹ ಕಟ್ಟಲು ಶಕ್ತಿಯಿಲ್ಲದ ಕಾಲೇಜುಗಳಿಗೆ ಇದು ದೊಡ್ಡ ಬಾಗಿಲು. ನಮ್ಮ ಸಣ್ಣ ಊರುಗಳ ಕಾಲೇಜುಗಳು ಇದನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ ಎಂದು ನನಗೆ ಅನ್ನಿಸುತ್ತದೆ.

“ಅಷ್ಟು ಸಣ್ಣ ಡಬ್ಬದಿಂದ ಏನು ಪ್ರಯೋಜನ?” ಎನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಕ್ಯೂಬ್‌ಸ್ಯಾಟ್ ಎನ್ನುವ ಪುಟ್ಟ ಉಪಗ್ರಹದ ಹತ್ತು ಸೆಂಟಿಮೀಟರ್ ಘನದ ಅಳತೆಯನ್ನು 1999ರಲ್ಲಿ ಗೊತ್ತು ಮಾಡಿದವರು ಇಬ್ಬರು ಮೇಷ್ಟರು: ಸ್ಟ್ಯಾನ್‌ಫರ್ಡಿನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲಿಫೋರ್ನಿಯಾದ್ದೇ ಆದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಜೋರ್ಡಿ ಪುಯಿಗ್-ಸುವಾರಿ. ವಿದ್ಯಾರ್ಥಿ ಪದವಿ ಮುಗಿಸಿ ಹೊರಡುವುದರೊಳಗೆ ಒಂದು ಉಪಗ್ರಹ ಪೂರ್ತಿಯಾಗಬೇಕು, ಹಾಗಾದರೆ ಅದು ಎಷ್ಟು ಸಣ್ಣದಿರಬೇಕು ಎನ್ನುವುದೇ ಅವರ ಲೆಕ್ಕಾಚಾರ. ತರಗತಿಗಾಗಿ ಹುಟ್ಟಿದ ಆ ಅಳತೆಯನ್ನು ಇಂದು ಜಗತ್ತಿನ ಕಂಪನಿಗಳೆಲ್ಲ ಬಳಸುತ್ತಿವೆ. 2018ರಲ್ಲಿ ನಾಸಾ ಅದೇ ಮಾದರಿಯ ಎರಡು ಪುಟ್ಟ ನೌಕೆಗಳನ್ನು ಮಂಗಳದವರೆಗೂ ಕಳಿಸಿತು.

ಈ ಡಬ್ಬದೊಳಗಿನ ಒಂದು ಭಾಗವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಹವ್ಯಾಸಿ ರೇಡಿಯೋದ 145 ಮೆಗಾಹರ್ಟ್ಸ್ ತರಂಗಕ್ಕೆ ಸುಮಾರು ಅರ್ಧ ಮೀಟರ್ ಉದ್ದದ ಆಂಟೆನಾ ಬೇಕು. ಡಬ್ಬವೋ ಒಂದು ಗೇಣಿಗಿಂತ ಚಿಕ್ಕದು. ಅದಕ್ಕೆ ಬಹಳಷ್ಟು ವಿದ್ಯಾರ್ಥಿ ತಂಡಗಳು ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪನ್ನೇ ಕತ್ತರಿಸಿಕೊಳ್ಳುತ್ತವೆ. ಅದನ್ನು ಡಬ್ಬದ ಮೈಗೆ ಸುತ್ತಿ, ಮೀನಿನ ಗಾಳಕ್ಕೆ ಕಟ್ಟುವಂಥ ನೈಲಾನ್ ದಾರದಿಂದ ಬಿಗಿಯುತ್ತಾರೆ. ದಾರಕ್ಕೆ ತಾಗಿದಂತೆ ತೆಳುವಾದ ನೈಕ್ರೋಮ್ ತಂತಿ. ಕಕ್ಷೆ ಸೇರಿ ನಿಗದಿಯಾದ ಹೊತ್ತು ಕಳೆದ ಮೇಲೆ ಆ ತಂತಿಗೆ ವಿದ್ಯುತ್ ಹರಿಯಬೇಕು, ತಂತಿ ಕಾಯಬೇಕು, ದಾರ ಕರಗಿ ಕಡಿಯಬೇಕು, ಟೇಪು ಚಟ್ಟನೆ ಬಿಚ್ಚಿಕೊಂಡು ನಿಲ್ಲಬೇಕು. ದಾರ ಕಡಿಯದಿದ್ದರೆ ಆಂಟೆನಾ ಇಲ್ಲ. ಆಂಟೆನಾ ಇಲ್ಲದಿದ್ದರೆ ಒಳಗೆ ಎಲ್ಲವೂ ಸರಿಯಾಗಿದ್ದರೂ ನೆಲಕ್ಕೆ ಒಂದು ಮಾತೂ ಮುಟ್ಟುವುದಿಲ್ಲ.

ನಮ್ಮ ತಂಡದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಇದೊಂದೇ ಕೆಲಸದ ಮೇಲೆ ಇಡೀ ಸೆಮಿಸ್ಟರ್ ಕುಳಿತಳು. ಮೇಜಿನ ಮೇಲೆ ದಾರ ಪ್ರತಿ ಸಲ ಕಡಿಯುತ್ತಿತ್ತು. ಆಮೇಲೆ ಅವಳಿಗೇ ಹೊಳೆಯಿತು: ಚಳಿಯಲ್ಲಿ? ಬ್ಯಾಟರಿ ಅರ್ಧ ಇಳಿದಿದ್ದರೆ? ಗಂಟು ತಂತಿಯಿಂದ ಎರಡು ಮಿಲಿಮೀಟರ್ ಸರಿದಿದ್ದರೆ? ಒಂದು ತಂತಿ ಕೈಕೊಟ್ಟರೆ ಕೆಲಸಕ್ಕೆ ಬರಲೆಂದು ಎರಡನೆಯದನ್ನು ಹಾಕಿದಳು. ಎರಡಕ್ಕೂ ಒಂದೇ ಕನೆಕ್ಟರ್ ಇದ್ದರೆ ಎರಡನೆಯದು ಇದ್ದೂ ಇಲ್ಲದಂತೆಯೇ ಎಂದು ಮುಂದಿನ ವಾರ ತಾನೇ ಬಂದು ಹೇಳಿದಳು. ಅಂಥ ಪ್ರಶ್ನೆಗಳನ್ನು ಪರೀಕ್ಷೆಯಲ್ಲಿ ಕೇಳಲು ನನಗೆ ಬರುವುದಿಲ್ಲ. ಅವಳು ಅವನ್ನು ತನಗೇ ಕೇಳಿಕೊಳ್ಳುವುದನ್ನು ಕಲಿತಳು.

ರಾಕೆಟ್ಟಿನಲ್ಲಿ ಈ ಪಾಠ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2005ರಿಂದ ವಿದ್ಯಾರ್ಥಿಗಳೇ ನಡೆಸುವ ರಾಕೆಟ್ ಪ್ರಯೋಗಾಲಯವಿದೆ. ಬಾಹ್ಯಾಕಾಶದ ಗಡಿ ಮುಟ್ಟುವುದು ಅವರ ಗುರಿ. 2018ರ ಸೆಪ್ಟೆಂಬರಿನಲ್ಲಿ ನೆವಾಡಾದ ಮರುಭೂಮಿಯಿಂದ ಟ್ರಾವೆಲರ್-3 ಹಾರಿಸಿದರು. ಎಂಜಿನ್ ಚೆನ್ನಾಗಿ ಉರಿಯಿತು, ರಾಕೆಟ್ ನೇರ ಏರಿತು. ಆದರೆ ಹಾರುವ ಮುನ್ನ ಒಳಗಿನ ಎಲೆಕ್ಟ್ರಾನಿಕ್ಸ್ ಘಟಕವನ್ನು ಚಾಲೂ ಸ್ಥಿತಿಗೆ ತಂದಿರಲಿಲ್ಲ. ಎಷ್ಟು ಎತ್ತರ ಮುಟ್ಟಿತೆಂಬ ದಾಖಲೆ ಇಲ್ಲ, ಪ್ಯಾರಾಚೂಟ್ ತೆರೆಯಲಿಲ್ಲ. ವರ್ಷಗಳ ದುಡಿಮೆ ಒಂದೇ ಒಂದು ಮರೆವಿಗೆ ಹೋಯಿತು. ಅವರು ಅಲ್ಲಿಗೇ ಬಿಡಲಿಲ್ಲ. 2019ರ ಏಪ್ರಿಲ್ 21ರಂದು ಟ್ರಾವೆಲರ್-4 ಸುಮಾರು 103 ಕಿಲೋಮೀಟರ್ ಏರಿ, ಬಾಹ್ಯಾಕಾಶದ ಗಡಿಯೆಂದು ಎಣಿಸುವ, ನೂರು ಕಿಲೋಮೀಟರ್ ಎತ್ತರದ ಕಾರ್ಮನ್ ರೇಖೆ ದಾಟಿದ ಮೊದಲ ವಿದ್ಯಾರ್ಥಿ ರಾಕೆಟ್ ಎನಿಸಿಕೊಂಡಿತು. 2024ರ ಅಕ್ಟೋಬರಿನಲ್ಲಿ ಅವರದೇ ಇನ್ನೊಂದು ರಾಕೆಟ್ ಸುಮಾರು 143 ಕಿಲೋಮೀಟರ್ ಮುಟ್ಟಿತು.

ಟ್ರಾವೆಲರ್-3ರ ಕತೆಯನ್ನು ಪ್ರತಿ ವರ್ಷ ಹೊಸಬರಿಗೆ ನಾನೇ ಹೇಳುತ್ತೇನೆ. ಆ ಬಳಿಕ ಅವರ ಕೈಗೆ ಪರಿಶೀಲನಾ ಪಟ್ಟಿ ಕೊಡುತ್ತೇವೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮಾಡಬೇಕು, ಮೂರನೆಯವರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಮೊದಲ ದಿನ ಇದು ಅವರಿಗೆ ಶಾಲೆಯ ಮಗ್ಗಿಯಂತೆ ಕಾಣುತ್ತದೆ. ಒಂದು ಉಡಾವಣೆ ನೋಡಿ ಬಂದ ಮೇಲೆ ಪಟ್ಟಿ ಇಲ್ಲದೆ ಬ್ಯಾಟರಿಯನ್ನೂ ಮುಟ್ಟುವುದಿಲ್ಲ.

ಹುಡುಗರದೇನೂ ತಪ್ಪಿಲ್ಲದೆ ಎಲ್ಲವೂ ಹೋಗುವುದೂ ಉಂಟು. 2022ರ ಆಗಸ್ಟ್ 7ರಂದು ಇಸ್ರೋದ ಹೊಸ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಸಲ ಹಾರಿದಾಗ ಅದರಲ್ಲಿ ಆಜಾದಿಸ್ಯಾಟ್ ಇತ್ತು. ದೇಶದ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಕೈಜೋಡಿಸಿದ್ದ ಉಪಗ್ರಹ. ಎರಡನೆಯ ಹಂತ ಬೇರ್ಪಡುವಾಗಿನ ಕಂಪನಕ್ಕೆ ರಾಕೆಟ್ಟಿನ ಸಂವೇದಕಗಳು ಕ್ಷಣಕಾಲ ತಮ್ಮ ಮಿತಿ ಮೀರಿದವು. ರಾಕೆಟ್ಟಿನ ಗಣಕ ಅವು ಕೆಟ್ಟವೆಂದೇ ತಿಳಿಯಿತು. ಉಪಗ್ರಹಗಳು ಸುತ್ತಿನ ಕಕ್ಷೆಯ ಬದಲು, ಕೆಳತುದಿ ನೆಲದಿಂದ ಬರೀ 76 ಕಿಲೋಮೀಟರ್ ಇರುವ ಕಕ್ಷೆಗೆ ಬಿದ್ದು ಕಳೆದುಹೋದವು. ಆರು ತಿಂಗಳು ಕಳೆದು, 2023ರ ಫೆಬ್ರವರಿ 10ರಂದು ಆಜಾದಿಸ್ಯಾಟ್-2 ಯಶಸ್ವಿಯಾಗಿ ಕಕ್ಷೆ ಸೇರಿತು. ಆ ಆರು ತಿಂಗಳು ಹೇಗಿದ್ದಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇನ್ನು ತಂದೆತಾಯಿಯರ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ: ಅಂಕ ಮತ್ತು ಕೆಲಸ. ಉಡಾವಣೆ ಹತ್ತಿರವಿರುವ ಸೆಮಿಸ್ಟರಿನಲ್ಲಿ ಅಂಕ ಇಳಿಯುತ್ತದೆ. ಇಲ್ಲ ಎಂದರೆ ಅದು ಸುಳ್ಳು. ಇಳಿದದ್ದನ್ನು ಹೆಚ್ಚಿನವರು ಮುಂದಿನ ಸೆಮಿಸ್ಟರಿನಲ್ಲಿ ತುಂಬಿಕೊಳ್ಳುತ್ತಾರೆ. ಕೆಲಸದ ವಿಷಯಕ್ಕೆ ಬಂದರೆ, ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹಮದ್ ಬಿಟ್ಸ್ ಪಿಲಾನಿಯಲ್ಲಿ ಓದುವಾಗ ಅಲ್ಲಿನ ವಿದ್ಯಾರ್ಥಿ ಉಪಗ್ರಹ ತಂಡದಲ್ಲಿದ್ದವರು. 2019ರಲ್ಲಿ ಗೆಳೆಯ ಕ್ಷಿತಿಜ್ ಖಂಡೇಲ್ವಾಲ್ ಜೊತೆಗೂಡಿ ಪಿಕ್ಸೆಲ್ ಕಂಪನಿ ಕಟ್ಟಿದರು. ಬೆಂಗಳೂರಿನ ಆ ಕಂಪನಿಯ ಉಪಗ್ರಹಗಳು ಇಂದು ಭೂಮಿಯ ಚಿತ್ರ ತೆಗೆಯುತ್ತಿವೆ. ಧ್ರುವ ಸ್ಪೇಸ್ ಕಂಪನಿಯ ಸಂಜಯ್ ನೆಕ್ಕಂಟಿ ಅವರೂ ಚೆನ್ನೈನ ಎಸ್‌ಆರ್‌ಎಂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಉಪಗ್ರಹದಲ್ಲಿ ದುಡಿದವರೇ. ಎಲ್ಲರೂ ಕಂಪನಿ ಕಟ್ಟುವುದಿಲ್ಲ. ನಮ್ಮ ತಂಡದಿಂದ ಹೋದವರಲ್ಲಿ ಹಲವರು ಕಾರಿನ ಎಲೆಕ್ಟ್ರಾನಿಕ್ಸ್, ವೈದ್ಯಕೀಯ ಉಪಕರಣಗಳಂಥ ಕಡೆ ಇದ್ದಾರೆ. ಅಲ್ಲಿಯೂ ಒಮ್ಮೆ ಹೊರಗೆ ಹೋದ ವಸ್ತು ಜನರ ಪ್ರಾಣಕ್ಕೆ ಹೊಣೆ.

ಇಂಥ ತಂಡಗಳಿಗೆ ಹಣಕ್ಕಿಂತ ದೊಡ್ಡ ತೊಂದರೆ ಒಂದಿದೆ, ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲ. ಕಟ್ಟುವವರು ನಾಲ್ಕು ವರ್ಷಕ್ಕೆ ಹೊರಟು ಹೋಗುತ್ತಾರೆ. ಐಐಟಿ ಬಾಂಬೆಯ ಪ್ರಥಮ್ ಉಪಗ್ರಹದ ಕೆಲಸ ಆರಂಭವಾದದ್ದು 2007ರಲ್ಲಿ, ಹಾರಿದ್ದು 2016ರಲ್ಲಿ. ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಸ್ವಯಂ ಕೂಡ 2008ರಲ್ಲಿ ಶುರುವಾಗಿ 2016ರಲ್ಲೇ ಕಕ್ಷೆ ಕಂಡಿತು. ಮೊದಲ ನಕ್ಷೆ ಬರೆದವರು ಉಡಾವಣೆಯ ಹೊತ್ತಿಗೆ ಎಲ್ಲೋ ಕೆಲಸದಲ್ಲಿರುತ್ತಾರೆ. ಈ ರೆಸಿಸ್ಟರ್ ಇಲ್ಲಿ ಯಾಕಿದೆ ಎಂದು ಕೇಳಿದರೆ ಲ್ಯಾಬಿನಲ್ಲಿ ಉತ್ತರಿಸುವವರು ಯಾರೂ ಇರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಬರೆಯದ ಕೆಲಸ ಆದಂತೆ ಲೆಕ್ಕವಿಲ್ಲ. ಯಾವ ಸ್ಕ್ರೂವನ್ನು ಎಷ್ಟು ಬಿಗಿ ಮಾಡಿದ್ದು, ಯಾವ ಅಂಟು, ಯಾವ ಪರೀಕ್ಷೆಯಲ್ಲಿ ಏನು ಮುರಿಯಿತು, ಎಲ್ಲವೂ ದಿನಾಂಕದ ಸಮೇತ ಪುಸ್ತಕದಲ್ಲಿರಬೇಕು. ಮೂರನೆಯ ವರ್ಷದವರು ಎರಡನೆಯ ವರ್ಷದವರಿಗೆ ಎದುರು ಕೂರಿಸಿಕೊಂಡು ಒಪ್ಪಿಸಬೇಕು. ತಾನು ಹೋದ ಮೇಲೆ ಬರುವವರಿಗಾಗಿ, ಮುಖ ಕಾಣದವರಿಗಾಗಿ ಸ್ಪಷ್ಟವಾಗಿ ಬರೆಯುವ ಅಭ್ಯಾಸ ನಮ್ಮ ಇಂಜಿನಿಯರುಗಳಲ್ಲಿ ಕಡಿಮೆ. ಅದಕ್ಕಾಗಿಯೇ ಈ ಪುಸ್ತಕದ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ರಾಕೆಟ್ ಇಂಧನದ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಡಿಯೋ ನೋಡಿ ಮನೆಯ ತಾರಸಿಯಲ್ಲಿ ಇಂಧನ ಕಲೆಸುವ ಹುಡುಗರಿದ್ದಾರೆ. ಅದು ಪ್ರಾಣಕ್ಕೆ ಅಪಾಯ. ಜೊತೆಗೆ ನಮ್ಮ ಸ್ಫೋಟಕಗಳ ಕಾಯಿದೆ 1884ರಿಂದಲೂ ಇದೆ. ಪರವಾನಗಿ, ಬಯಲು ಜಾಗ, ಅನುಭವಸ್ಥರ ಉಸ್ತುವಾರಿ ಇಲ್ಲದ ಯಾವ ತಂಡದ ಹತ್ತಿರಕ್ಕೂ ಮಕ್ಕಳನ್ನು ಬಿಡಬೇಡಿ. ದುಡ್ಡಿಲ್ಲದೆಯೂ ಆರಂಭಿಸಬಹುದಾದ ಕೆಲಸ ಬೇಕಾದಷ್ಟಿದೆ. ನಮ್ಮ ಹೊಸಬರು ಮೊದಲು ಪಿವಿಸಿ ಪೈಪು, ಅಳತೆ ಟೇಪಿನಿಂದ ಯಾಗಿ ಎನ್ನುವ, ಒಂದೇ ದಿಕ್ಕಿಗೆ ಹಿಡಿಯುವ ಆಂಟೆನಾ ಮಾಡುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವಾಗ 145.8 ಮೆಗಾಹರ್ಟ್ಸ್‌ಗೆ ಕಿವಿಗೊಡುತ್ತಾರೆ. ನಿಲ್ದಾಣ ಹತ್ತಿರ ಬರುವಾಗ ಸಂಕೇತ ತುಸು ಮೇಲಕ್ಕೆ, ದೂರ ಸರಿಯುವಾಗ ಕೆಳಕ್ಕೆ ಜಾರುವುದನ್ನು ತಾವೇ ಗುಬಟು ತಿರುಗಿಸಿ ಹಿಂಬಾಲಿಸುತ್ತಾರೆ. ಹೀಗೆ ಜಾರುವುದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. ಅದನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ವಿವರಿಸಿದ್ದರೂ ಅದು ಅವರದಾಗುವುದು ಆ ಸಂಜೆಯೇ.

“ಹಾಗಾದರೆ ಮಗಳನ್ನು ಸೇರಿಸಬಹುದೇ?” ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ತಂಡದವರು ಗೋಡೆಗೆ ಹಾಕಿದ ಫೋಟೋ, ಬ್ಯಾನರ್ ನೋಡಿ ತೀರ್ಮಾನಿಸಬೇಡಿ. ಹೊರಗಿನ ಕಂಪನಿಯಿಂದ ಕಟ್ಟಿಸಿ ತಂದು ಮೇಲೆ ಕಾಲೇಜಿನ ಹೆಸರು ಅಂಟಿಸುವವರೂ ಇದ್ದಾರೆ. ಅವರ ಕೆಲಸದ ಪುಸ್ತಕ ತೋರಿಸಲು ಹೇಳಿ. ಕೆಟ್ಟುಹೋದ ಭಾಗಗಳನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿ. ಯಾವುದಾದರೂ ಒಂದನ್ನು ಎತ್ತಿ, ಇದು ಯಾಕೆ ಮುರಿಯಿತು ಎಂದು ಅಲ್ಲಿರುವ ಯಾರನ್ನಾದರೂ ಕೇಳಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರು ತಡವರಿಸದೆ ಉತ್ತರ ಕೊಟ್ಟರೆ ಮಗಳನ್ನು ಧೈರ್ಯವಾಗಿ ಕಳಿಸಿ. ಶನಿವಾರ ಸಂಜೆ ಮನೆಗೆ ಬರುವುದು ತಡವಾಗುತ್ತದೆ, ಅದೊಂದಕ್ಕೆ ಸಿದ್ಧರಾಗಿರಿ.