ಒರಸಬ್ಯಾಡೋ, ನೀರ್ ಹಾಕ್!

ಅಪ್ಪನ ಕೆಂಪು ಕಾರಿನ ಹಿಂಬದಿಗೆ ಪೇಂಟ್ ಮಾಡಿಸಿ ಬರೀ 9 ದಿನ ಆಗಿತ್ತು. ಮಂಗಳವಾರ ಸಂಜೆ ಹುಬ್ಬಳ್ಳಿಯ ಒಂದು ಬಂಕಿಗೆ ಹೋಗಿದ್ದೆ. ಫುಲ್ ಟ್ಯಾಂಕ್ ಅಂದೆ. ಟಕ್ ಅಂತ ಕಟ್ ಆಯಿತು. ಮೀಟರ್ 1,472 ತೋರಿಸುತ್ತಿತ್ತು.

"1,500 ಮಾಡ್ಲೇನ್ರಿ?" ಅಂದ ಹುಡುಗ. ನಾನು ಹೂಂ ಅಂದೆ.

ಅವನು ಮತ್ತೆ ಎರಡು ಸಲ ಒತ್ತಿದ. ಪೆಟ್ರೋಲ್ ಉಕ್ಕಿ ಹೊಸ ಪೇಂಟಿನ ಮೇಲೆ ಗೆರೆ ಎಳೆದಂತೆ ಇಳಿಯಿತು. ಹುಡುಗ ಗಾಬರಿಯಾಗಿ ಜೇಬಿನಿಂದ ಒಣ ಬಟ್ಟೆ ತೆಗೆದ. ಆಗಲೇ ಹಿಂದಿನ ಆಟೋದಿಂದ ದನಿ ಬಂತು: "ಏ ತಮ್ಮಾ, ಒರಸಬ್ಯಾಡೋ, ನೀರ್ ಹಾಕ್!"

ಆ ಆಟೋ ಅಣ್ಣ ತನ್ನ ಬಾಟಲಿಯ ನೀರನ್ನೆಲ್ಲ ತಾನೇ ಸುರಿದ. ಸರಿಯಾಗಿ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ವಾರವಿಡೀ ಅದೇ ಮಾತು ಕಿವಿಯಲ್ಲಿದೆ. ಎಷ್ಟು ಸರಿಯಾದ ಮಾತು! ನಮ್ಮೂರಿನ ಧೂಳು ಗೊತ್ತಲ್ವಾ? ಒಣ ಬಟ್ಟೆಯಿಂದ ಉಜ್ಜಿದ್ದರೆ ಮೆತ್ತಗಾದ ಪೇಂಟಿನ ಮೇಲೆ ಆ ಧೂಳೇ ಗೀರು ಎಳೆಯುತ್ತಿತ್ತು.

ಆದರೂ ಬೆರಳಗಲದ ಒಂದು ಮಾಸಲು ಗೆರೆ ಉಳಿದಿದೆ. ಮರುದಿನ ಪೇಂಟರ್ ಕಾಕಾ ಅದರ ಮೇಲೆ ಉಗುರು ತಾಗದಂತೆ ಬೆರಳಾಡಿಸಿ ನೋಡಿದರು. "ಕೈಗೆ ಅಂಟಂಗಿಲ್ಲ ಅಂದ್ರ ಒಣಗೇತಿ ಅಂತ ತಿಳ್ಕೋಬ್ಯಾಡ್ರಿ. ಒಳಗ ಇನ್ನೂ ಹಸಿ ಇರ್ತೈತಿ" ಅಂದರು. ಗಟ್ಟಿಯಾಗಲಿ ಅಂತ ಬೆರೆಸುವ ಹಾರ್ಡನರ್ ಹಾಕಿದ ಪೇಂಟ್ ಪೂರ್ತಿ ಗಟ್ಟಿಯಾದ ಮೇಲೆ ಪೆಟ್ರೋಲನ್ನು ಸ್ವಲ್ಪ ಹೊತ್ತು ತಡೆಯುತ್ತದಂತೆ. ಡಬ್ಬಿ ಸ್ಪ್ರೇಯಲ್ಲಿ ಹೊಡೆದ ಮಾಮೂಲಿ ಪೇಂಟಾಗಿದ್ದರೆ ಕರಗಿ ಕೈಗೇ ಬರುತ್ತಿತ್ತು. ಒಂದು ತಿಂಗಳಾದರೂ ವ್ಯಾಕ್ಸ್ ಬೇಡ, ಆಮೇಲೆ ಹಚ್ಚಿ ಅಂದರು. ವ್ಯಾಕ್ಸ್ ಇದ್ದರೂ ಅದು ತೊಳೆಯುವುದಕ್ಕೆ ಒಂದಿಷ್ಟು ಸಮಯ ಕೊಡುತ್ತದೆ, ಅಷ್ಟೇ.

ಇನ್ನೊಂದು ತೋರಿಸಿದರು. ಟ್ಯಾಂಕಿನ ಬಾಯಿ ಸುತ್ತ ಬಟ್ಟಲಿನಂಥ ಜಾಗ ಇದೆಯಲ್ಲ, ಅದರ ತಳದಲ್ಲಿ ಸಣ್ಣ ತೂತು. ಚೆಲ್ಲಿದ್ದು ಅದರಿಂದ ಕೆಳಗೆ ಹೋಗಬೇಕು. ನಮ್ಮ ಕಾರಿನಲ್ಲಿ ಅದು ಎರಿ ಮಣ್ಣಿನಿಂದ ಕಟ್ಟಿತ್ತು. ಕಾಕಾ ತೆಳು ತಂತಿ ಹಾಕಿ ಬಿಡಿಸಿದರು. ಇಷ್ಟು ವರ್ಷ ಕಾರು ಓಡಿಸಿದರೂ ಆ ತೂತನ್ನು ನಾನು ನೋಡಿಯೇ ಇರಲಿಲ್ಲ.

ಹುಡುಗನನ್ನು ಮಾತ್ರ ನಾನು ಬೈಯಲಾರೆ. ಅವತ್ತು ಅವನ ಮ್ಯಾನೇಜರ್ ಎಲ್ಲರ ಮುಂದೆ ಬೈದಿದ್ದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ನಾಝಲ್ ತುದಿಯ ಸಣ್ಣ ರಂಧ್ರಕ್ಕೆ ಪೆಟ್ರೋಲ್ ಮುಟ್ಟಿದಾಗಲೇ ಅದು ತಾನಾಗಿ ನಿಲ್ಲುತ್ತದೆ. ಸಾಕು ಅಂತ ಯಂತ್ರವೇ ಹೇಳಿತ್ತು. ಹೂಂ ಅಂದವನು ನಾನು. ಚಿಲ್ಲರೆ ಇಲ್ಲದ ಕಾಲದಲ್ಲಿ ರೌಂಡ್ ಫಿಗರ್ ಬೇಕಿತ್ತು, ಒಪ್ಪೋಣ. ಈಗ ಫೋನಿನಲ್ಲಿ 1,472 ಒತ್ತಲು ಏನು ಕಷ್ಟ? ನಾವೆಲ್ಲ ದಿನವೂ ಹೂಂ ಅನ್ನುವುದರಿಂದಲೇ ಆ ಹುಡುಗರು ಕೇಳುತ್ತಾರೆ. ಚೆಲ್ಲಿದರೆ ಬೈಗುಳ ಅವರಿಗೆ. ದಿನವಿಡೀ ಆ ವಾಸನೆ ಕುಡಿಯುವವರೂ ಅವರೇ.

ನಿನ್ನೆ ಅದೇ ಬಂಕಿಗೆ ಹೋದೆ. ಕಾರಿನ ಬಾಗಿಲಲ್ಲಿ ನೀರಿನ ಬಾಟಲಿ, ಮೆತ್ತನೆ ಬಟ್ಟೆ ಇಟ್ಟುಕೊಂಡಿದ್ದೆ. 638ಕ್ಕೆ ಟಕ್ ಅಂತು. "ಸಾಕಪ್ಪಾ" ಅಂದೆ. ಹುಡುಗ ನಾಝಲ್ಲನ್ನು ಹಾಗೇ ಒಂದು ಕ್ಷಣ ಹಿಡಿದು, ಕೊನೆಯ ಹನಿ ಒಳಗೆ ಬಿದ್ದ ಮೇಲೆ ಹೊರಗೆ ತೆಗೆದ. ಆಮೇಲೆ ಬಗ್ಗಿ ಆ ಗೆರೆಯನ್ನೇ ನೋಡಿದ.

"ಹೋಗ್ಲಿಲ್ಲೇನ್ರಿ ಅದು?"

"ಇಲ್ಲಪ್ಪಾ. ಮುಂದಿನ ತಿಂಗಳು ಪಾಲಿಶ್ ಮಾಡಿಸಿ ನೋಡಬೇಕು."