ಸೀಸದ ಮೊಳೆಗಳ ಮನೆಯಿಂದ

ಅಪ್ಪ ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಒಂದೊಂದು ಅಕ್ಷರ ಕೆತ್ತಿದ ಸೀಸದ ತುಂಡು, ಜೋಡಿಸುತ್ತಿದ್ದರು. ಶಾಲೆಗೆ ರಜೆ ಸಿಕ್ಕರೆ ನಾನೂ ಅವರ ಹಿಂದೆ ಹೊರಡುತ್ತಿದ್ದೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ರಸೀದಿ ಪುಸ್ತಕ, ಇಂಥವೇ ಜಾಸ್ತಿ. ಮೊಳೆಯ ಮೇಲೆ ಅಕ್ಷರ ತಿರುಗಿಕೊಂಡಿರುತ್ತದೆ ಅಲ್ವಾ, ಹಾಗಾಗಿ ಕನ್ನಡವನ್ನು ಎರಡೂ ಕಡೆಯಿಂದ ಓದಲು ಸಣ್ಣವಳಿದ್ದಾಗಲೇ ಕಲಿತೆ.

ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಪೆಟ್ಟಿಗೆಯಲ್ಲಿ ಅದರದರ ಮನೆಗೆ, ಅಂದರೆ ಖಾನೆಗೆ, ವಾಪಸ್ ಹಾಕಬೇಕು. ಆ ಕೆಲಸ ನನಗೆ ಸಿಗುತ್ತಿತ್ತು. ಕ ಒಂದು ಮನೆಯಲ್ಲಿ, ಕ ಒತ್ತು ಇನ್ನೊಂದರಲ್ಲಿ. ಒತ್ತಿನ ಮೊಳೆ ತೀರಾ ಸಣ್ಣದು, ಬೆರಳಿಂದ ಜಾರುತ್ತಿತ್ತು. ಬೀಳಿಸಿದರೆ ಅಪ್ಪ ಬೈಯುತ್ತಿರಲಿಲ್ಲ. ಟಾರ್ಚ್ ಹಿಡಿದು ತಾವೇ ನೆಲಕ್ಕೆ ಕೂರುತ್ತಿದ್ದರು. "ಒಂದು ಒತ್ತು ಕಳೆದುಹೋದರೆ ಯಾರದೋ ಮದುವೆಯಲ್ಲಿ ಹೆಸರು ತಪ್ಪಾಗ್ತದೆ" ಎನ್ನುತ್ತಿದ್ದರು. ಊಟಕ್ಕೆ ಮುಂಚೆ ಮಾತ್ರ ಸೋಪು ಹಾಕಿ ಎರಡೆರಡು ಸಲ ಕೈ ತೊಳೆಸುತ್ತಿದ್ದರು. ಸೀಸ ಅಲ್ವಾ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಬಂದದ್ದು ನಮ್ಮೂರಿನಿಂದಲೇ. ಕಿಟೆಲ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಅಷ್ಟು ದಪ್ಪ ಪುಸ್ತಕದ ಒಂದೊಂದು ಅಕ್ಷರವನ್ನೂ ಯಾರೋ ಕೈಯಲ್ಲಿ ಜೋಡಿಸಿದ್ದಾರೆ ಎಂದು ಅಪ್ಪ ಆಗಾಗ ನೆನಪಿಸುತ್ತಿದ್ದರು. ಕಿಟೆಲ್ ಬಗ್ಗೆ ಹೇಳುವಾಗಿನದಕ್ಕಿಂತ ಆ ಜೋಡಿಸಿದವರ ಬಗ್ಗೆ ಹೇಳುವಾಗ ಅವರ ದನಿ ಬದಲಾಗುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಪ್ರೆಸ್ಸಿನವರು ಮೊಳೆಗಳನ್ನೆಲ್ಲ ಗುಜರಿಗೆ ಕಿಲೋ ಲೆಕ್ಕದಲ್ಲಿ ಮಾರಿದರು. ಅಪ್ಪ ಎಂಟು ತಿಂಗಳು ಮನೆಯಲ್ಲೇ ಇದ್ದರು.

ನಾನೂ ಅಣ್ಣನೂ ಒಂದೇ ಮನೆಯಲ್ಲಿ ಬೆಳೆದವರು. ಆದರೆ ಆ ಎಂಟು ತಿಂಗಳಲ್ಲಿ ಅಣ್ಣ ನೋಡಿದ್ದು ರೇಷನ್ ಡಬ್ಬಿಗಳನ್ನು. ಸರ್ಕಾರಿ ಕೆಲಸ ಸಿಗುವ ತನಕ ಅವನು ಪರೀಕ್ಷೆ ಬರೆಯುವುದನ್ನು ನಿಲ್ಲಿಸಲಿಲ್ಲ. ನಾನು ನೋಡಿದ್ದು ಅಪ್ಪನ ಬೆರಳುಗಳನ್ನು. ಪೇಪರ್ ಓದುವಾಗ ಅವು ಮೊಳೆ ಹೆಕ್ಕುವ ಹಾಗೆ ಸುಮ್ನೆ ಆಡುತ್ತಿದ್ದವು. ಅಣ್ಣನದು ಸಣ್ಣ ಆಸೆ, ನನ್ನದು ದೊಡ್ಡದು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಾನು ಧೈರ್ಯವಾಗಿ ಫಾಂಟ್, ಅಂದರೆ ಕಂಪ್ಯೂಟರಿನ ಅಕ್ಷರಗಳ ಆಕಾರ, ಬರೆಯುತ್ತಾ ಕೂರಲು ಸಾಧ್ಯವಾದದ್ದು ಅವನ ಸಂಬಳ ಮನೆಗೆ ಬರುತ್ತಿದ್ದುದರಿಂದ.

ಹೌದು, ಈಗ ನಾನು ಕನ್ನಡ ಫಾಂಟ್ ಮಾಡುತ್ತಿದ್ದೇನೆ. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್. ವಯಸ್ಸಾದವರು ಸಣ್ಣ ಅಕ್ಷರದಲ್ಲೂ ಕಷ್ಟವಿಲ್ಲದೆ ಓದುವಂಥದ್ದು ಬೇಕು ನನಗೆ. ಇಂಗ್ಲಿಷಿನ ಹಾಗೆ ದೊಡ್ಡದು, ಸಣ್ಣದು ಸೇರಿ 52 ಅಕ್ಷರ ಬರೆದರೆ ಮುಗಿಯುವುದಿಲ್ಲ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕಾರಗಳು. 'ಸ್ತ್ರೀ' ಒಂದನ್ನೇ ನೋಡಿ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದು ಸ, ವಿರಾಮ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈ ಸ್ವರಚಿಹ್ನೆ ಎಂದು ಆರು ತುಂಡು. ಇವೆಲ್ಲ ಒಂದೇ ಅಕ್ಷರವಾಗಿ ಕೂರಬೇಕು, ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗಲೂಬಾರದು. ಇದಕ್ಕೇ ಮೂರು ವಾರ ಹೋಯಿತು.

ಕಳೆದ ಭಾನುವಾರ ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಕೆಂಪು ಪೆನ್ನು ಕೇಳಿ ಹನ್ನೊಂದು ಕಡೆ ಸುತ್ತು ಹಾಕಿದರು. "ಮಗಾ, ಈ ರ ಒತ್ತಿಗೆ ಉಸಿರಾಡಲು ಜಾಗ ಇಲ್ಲ. ಸ್ವಲ್ಪ ಬಲಕ್ಕೆ ತೆಗಿ."

ಒಂಬತ್ತು ಸರಿಮಾಡಿದ್ದೇನೆ. ಇನ್ನೆರಡು ಉಳಿದಿವೆ.